ಹೊಲಿಗೆ ಅಕ್ಕ ಹೇಳಿದ ಸಾಕ್ಷಿ

ಹೊಲಿಗೆ ಅಕ್ಕನಿಗೆ ತಾನು ಬಿಟ್ಟುಬಂದ ಗಂಡನ ಮೇಲೆ ಕನಿಕರ ಇರಲಿಲ್ಲ. ಈಗಲೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ಗಂಡನ ಕೆಲಸ ಉಳಿಸಿದ್ದು ಈಕೆಯೇ ಎಂದು ಗೊತ್ತಾದ ಕೂಡಲೇ ಜನ ಕಣ್ಣಲ್ಲಿ ನೀರು ತಂದುಕೊಂಡು "ಎಷ್ಟಾದರೂ ಹೆಂಗಸಿನ ಕರುಳು" ಎನ್ನುತ್ತಾರೆ. ಆ ಮಾತು ಕೇಳಿದರೆ ಅಕ್ಕನಿಗೆ ಮೈ ಉರಿಯುತ್ತದೆ.

ಬೆಳಕು ಹರಿಯುವ ಹೊತ್ತಿಗೆ ಅಕ್ಕ ಮೆಷಿನ್ನಿನ ಮುಂದೆ ಕೂತಾಗಿದೆ. ಇದು ಆಸ್ಪತ್ರೆ, ವಸತಿಗೃಹಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಹಿಂಬಾಗಿಲಲ್ಲಿ ಲಾರಿಯಿಂದ ಕೊಳೆಬಟ್ಟೆಯ ಮೂಟೆ ಇಳಿಯುತ್ತಿದೆ. ಬಾಯ್ಲರ್ ಕೆಮ್ಮಿ ಕೆಮ್ಮಿ ಉಗಿ ಹಿಡಿಯುತ್ತಿದೆ. ಅಕ್ಕನ ಕೋಣೆ ಮೆಟ್ಟಿಲ ಕೆಳಗಿನದು. ನಿಂತರೆ ತಲೆಗೆ ತಾಗುತ್ತದೆ, ಹಾಗಾಗಿ ಅಲ್ಲಿ ಯಾರೂ ನಿಂತು ಮಾತಾಡುವುದಿಲ್ಲ. ಒಂದು ಹೊಲಿಗೆ ಮೆಷಿನ್, ಒಂದು ಗಾಜಿನ ಮೇಜು. ಗಾಜಿನಡಿ ಟ್ಯೂಬ್‌ಲೈಟ್ ಉರಿಯುತ್ತದೆ. ಒಗೆದು ಒಣಗಿದ ಬೆಡ್‌ಶೀಟನ್ನು ಅದರ ಮೇಲೆ ಎಳೆಯುತ್ತ ಹೋದರೆ ತೂತು ಇದ್ದಲ್ಲೆಲ್ಲ ಬೆಳಕು ಇಣುಕುತ್ತದೆ.

ತೇಪೆಗೆ ಹೊಸ ಬಟ್ಟೆ ಹಾಕುವಂತಿಲ್ಲ. ಮೊದಲ ಒಗೆತಕ್ಕೇ ಅದು ಕುಗ್ಗಿ ಸುತ್ತಲಿನ ಬಟ್ಟೆಯನ್ನೂ ಎಳೆದುಕೊಳ್ಳುತ್ತದೆ. ಚೌಕ ತೇಪೆಯೂ ಆಗದು, ಇಸ್ತ್ರಿ ಮಾಡುವ ಕಾದ ರೋಲರಿನಡಿ ಹೋಗುವಾಗ ಮೂಲೆ ಎದ್ದುಬಿಡುತ್ತದೆ. ಅಕ್ಕ ಹಳೆಯ ಶೀಟೊಂದರಿಂದ ಮೂಲೆಯಿಲ್ಲದ ಉದ್ದುರುಟು ತುಂಡು ಕತ್ತರಿಸಿ, ಅಂಚು ಮಡಿಸಿ, ತೂತಿನ ಮೇಲಿಟ್ಟು ಸುತ್ತ ಒಂದು ಸುತ್ತು ಹೊಲಿಯುತ್ತಾರೆ. ಸೂಜಿ ಮುರಿದರೆ ಚೂರುಗಳೆಲ್ಲ ಕೈಗೆ ಸಿಗುವ ತನಕ ಆ ಶೀಟು ಕೋಣೆ ಬಿಟ್ಟು ಹೊರಗೆ ಹೋಗಬಾರದು. "ಮಲಗೋದು ರೋಗಿ. ಅವರಿಗೆ ಡಾಕ್ಟರು ಚುಚ್ಚೋದೇ ಸಾಕು" ಎನ್ನುತ್ತಾರೆ. ದಿನಕ್ಕೆ ಸುಮಾರು ನೂರು ಶೀಟು ಅವರ ಕೈ ದಾಟುತ್ತವೆ. ತೇಪೆ ತಡೆಯದಷ್ಟು ಜೀರ್ಣವಾದವು ನೆಲ ಒರೆಸಲು ಹೋಗುತ್ತವೆ. ಅವಕ್ಕೆ ಅಕ್ಕನಿಗೆ ಕೂಲಿ ಇಲ್ಲ, ತೇಪೆಗೆ ತುಂಡು ಸಿಗುವುದಷ್ಟೇ ಲಾಭ.

ಕೋಣೆಯ ಗೋಡೆಯಾಚೆ ಮಡಿಸುವ ಹಾಲ್. ಈ ಕೋಣೆಗೆ ಬರುವ ಮುಂಚೆ ಅಕ್ಕ ನಿಲ್ಲುತ್ತಿದ್ದದ್ದು ಅಲ್ಲಿ, ರೋಲರಿನ ಬಾಯಿಗೆ. ಶೀಟು ಮಡಿಸುವುದು ಒಬ್ಬರ ಕೆಲಸವಲ್ಲ. ಬಿಸಿ ಬಿಸಿಯಾಗಿ ಹೊರಬಂದ ಬಟ್ಟೆಯ ತುದಿಗಳನ್ನು ಇಬ್ಬರು ಹಿಡಿದು, ಒಮ್ಮೆ ಝಾಡಿಸಿ, ಎದುರುಬದುರು ನಡೆದು ಬಂದು ಮೂಲೆ ಮೂಲೆ ಸೇರಿಸಬೇಕು. ಜೋಡಿ ಕೂಡಿದರೆ ಮಾತು ಬೇಕಾಗುವುದಿಲ್ಲ. ಕೂಡದಿದ್ದರೆ ಬೆರಳು ಸುಟ್ಟುಕೊಳ್ಳುತ್ತಾರೆ. ಅಕ್ಕನ ಜೋಡಿ ಅವರ ಗಂಡನೇ ಆಗಿದ್ದರು. ಮೊದಲು ಶೀಟಿಗೆ ಜೋಡಿಯಾದರು, ಆಮೇಲೆ ಮದುವೆ. "ಅಷ್ಟು ವರ್ಷ ಒಂದು ಶೀಟೂ ನೆಲಕ್ಕೆ ತಾಗಿಲ್ಲ. ಕೆಲಸಕ್ಕೆ ಒಳ್ಳೆ ಜೋಡಿ. ಮನೆಗಲ್ಲ" ಎನ್ನುತ್ತಾರೆ ಅಕ್ಕ.

ಮನೆಗೆ ಯಾಕಲ್ಲ ಎಂಬುದು ದೊಡ್ಡ ಕಥೆಯೇನಲ್ಲ. ಗಂಡ ಬೈಯಲಿಲ್ಲ, ಹೊಡೆಯಲಿಲ್ಲ, ಕುಡಿಯಲಿಲ್ಲ. ಇಲ್ಲ ಎನ್ನಲು ಬಾರದು, ಅದೊಂದೇ. ಸಂಬಳ ಕೈಗೆ ಬಂದ ದಿನ ಅಣ್ಣನ ಅಂಗಡಿಗೆ ಒಂದಿಷ್ಟು, ಪಕ್ಕದ ಮನೆಯವನ ಬಾಡಿಗೆಗೆ ಒಂದಿಷ್ಟು, ರೋಲರಿನ ಆಚೆ ನಿಂತವನ ತಂಗಿಯ ಹೆರಿಗೆಗೆ ಒಂದಿಷ್ಟು. ಮನೆ ಮುಟ್ಟುವಾಗ ಜೇಬಲ್ಲಿ ಉಳಿಯುವುದು ಬಸ್ ಟಿಕೆಟ್. ಊರಿಗೆ ಉಪಕಾರಿ, ಮನೆಗೆ ಮಾರಿ. ಅಂಥವರನ್ನು ದೂರಲು ಹೋದರೆ ಕೇಳುವವರೂ ಇರುವುದಿಲ್ಲ, ಊರಿನ ಅರ್ಧ ಜನ ಅವರ ಋಣದಲ್ಲಿರುತ್ತಾರೆ. ಮಗಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂದು ಗೊತ್ತಾದ ವರ್ಷ ಅಕ್ಕ ಬೇರೆ ಮನೆ ಮಾಡಿದರು, ಮಾಲೀಕರನ್ನು ಕೇಳಿ ಹೊಲಿಗೆ ಕೋಣೆಗೆ ಬಂದು ಕೂತರು. ನ್ಯಾಯಾಲಯಕ್ಕೆ ಹೋಗಿ ಜೀವನಾಂಶ ಕೇಳಿದರು.

ಕೋರ್ಟು ಜೀವನಾಂಶ ಕೊಡಿಸಿತು. ಜೊತೆಗೆ ಗಂಡನ ಸ್ವಭಾವ ನೋಡಿ, ಅಥವಾ ಅಕ್ಕ ಅದನ್ನು ವಿವರಿಸಿದ ರೀತಿ ನೋಡಿ, ಆ ದುಡ್ಡು ಅವರ ಕೈಗೇ ಹೋಗದಂತೆ ಸಂಬಳದಲ್ಲೇ ಹಿಡಿದು ಮಗಳ ಹೆಸರಿಗೆ ಕಳಿಸಬೇಕೆಂದು ಲಾಂಡ್ರಿಗೆ ಆದೇಶ ಮಾಡಿತು. ಸಂಬಳದ ಮೂರರಲ್ಲೊಂದು ಪಾಲು.

ಇಲ್ಲಿ ಈ ಲಾಂಡ್ರಿಯ ಒಂದು ಪದ್ಧತಿ ಹೇಳಬೇಕು. ಸಂಬಳದ ದಿನ ಎಲ್ಲರೂ ಹಾಲ್‌ನಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಗುಮಾಸ್ತ ಒಬ್ಬೊಬ್ಬರನ್ನೇ ಕರೆದು ಸಂಬಳ ಎಷ್ಟು, ಕಡಿತ ಎಷ್ಟು, ಕಡಿತಕ್ಕೆ ಕಾರಣ ಏನು ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ. ಎರಡು ದಿನ ತಡ, ಇಷ್ಟು. ದಿಂಬಿನ ಕವರ್ ಸುಟ್ಟಿದ್ದಕ್ಕೆ, ಇಷ್ಟು. ಮನೆಗೆ ಸೋಪಿನ ಪುಡಿ ಒಯ್ದಿದ್ದಕ್ಕೆ, ಇಷ್ಟು. ಈಗಿನ ಮಾಲೀಕರ ತಂದೆ ಮಾಡಿದ ಕ್ರಮ ಅದು. ಕೆಲಸಗಾರನ ದುಡ್ಡನ್ನು ಗುಟ್ಟಾಗಿ ಮುರಿಯಬಾರದು, ಮುರಿದರೆ ನಾಲ್ಕು ಜನರ ಮುಂದೆ ಕಾರಣ ಹೇಳಿ ಮುರಿಯಬೇಕು ಎಂಬುದು ಅವರ ಹಟ. ಮಗನಿಗೆ ಅಪ್ಪನಿಂದ ಲಾಂಡ್ರಿ ಬಂತು, ಅದಕ್ಕಿಂತ ಹೆಚ್ಚಾಗಿ ಈ ಹೆಮ್ಮೆ ಬಂತು. ನಮ್ಮಲ್ಲಿ ಮುಚ್ಚುಮರೆ ಇಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಹಾಗಾಗಿ ಆದೇಶ ಬಂದ ತಿಂಗಳೇ ಗುಮಾಸ್ತ ಹಾಲ್ ತುಂಬ ಕೂಗಿದ: ಹೆಂಡತಿ ಬಿಟ್ಟಿದ್ದಕ್ಕೆ ಕೋರ್ಟ್ ಕಡಿತ, ಇಷ್ಟು. ಹೆಂಡತಿಯೂ ಅದೇ ಸಾಲಿನಲ್ಲಿ, ಏಳೆಂಟು ಜನರ ಹಿಂದೆ ನಿಂತಿದ್ದರು. ಅವತ್ತು ಮಧ್ಯಾಹ್ನದೊಳಗೆ ಗಂಡನಿಗೆ 'ಅರ್ಧಣ್ಣ' ಎಂದು ಹೆಸರು ಬಿತ್ತು. ಹೋಗುತ್ತಿದ್ದದ್ದು ಅರ್ಧವಲ್ಲ, ಮೂರರಲ್ಲೊಂದು ಎಂದು ಒಬ್ಬ ತಿದ್ದಲು ನೋಡಿದನಂತೆ. 'ಮೂರರಲ್ಲೊಂದಣ್ಣ' ಅಂತ ಕರೆಯಲು ನಾಲಿಗೆ ಹೊರಳುವುದಿಲ್ಲ, ಅರ್ಧಣ್ಣನೇ ಇರಲಿ ಎಂದು ಉಳಿದವರು ತೀರ್ಮಾನಿಸಿದರು.

ಮಾಲೀಕರಿಗೆ ಈ ಆದೇಶ ಕಾಲ್ತೊಡಕಾಯಿತು. ಅವರು ಕೆಟ್ಟವರಲ್ಲ, ತಾಪತ್ರಯ ಬೇಡದವರು. ತಿಂಗಳು ತಿಂಗಳು ದುಡ್ಡು ಕಳಿಸಬೇಕು, ಕಳಿಸಿದ್ದಕ್ಕೆ ರಸೀದಿ ಇಡಬೇಕು, ತಡವಾದರೆ ಕೋರ್ಟಿನವರಿಂದ ಫೋನು. ಅದರ ಮೇಲೆ ಅರ್ಧಣ್ಣ ಯಾರಿಗೋ ಕೊಡಲು ಲಾಂಡ್ರಿಯಿಂದಲೇ ಮುಂಗಡ ಎತ್ತಿದ್ದರು. ಮಾಲೀಕರು ಮೊದಲು ತಮ್ಮ ಮುಂಗಡ ಮುರಿದುಕೊಂಡು, ಉಳಿದದ್ದರಲ್ಲಿ ಮಗಳ ಪಾಲು ಕಳಿಸತೊಡಗಿದರು. ಅದು ಕಡಿಮೆ ಬಿದ್ದಾಗ ಮತ್ತೆ ಫೋನು. ಕಡೆಗೊಂದು ಉಪಾಯ ಹೇಳಿದರು: ಹಾಜರಿಯಿಂದ ಹೆಸರು ತೆಗೆಸಿಬಿಡು, ದಿನಗೂಲಿ ಕೈಗೇ ಕೊಡುತ್ತೇನೆ, ಕೋರ್ಟಿಗೆ ನೀನು ಸಿಗುವುದೇ ಇಲ್ಲ. ಇದು ಎಲ್ಲ ಕಡೆ ನಡೆಯುವ ಮಾತು. ಅರ್ಧಣ್ಣ ಹೂಂ ಎನ್ನಲಿಲ್ಲ, ಊಹೂಂ ಎನ್ನುವುದಂತೂ ಅವರಿಗೆ ಬಾರದು. ತಲೆ ಕೆರೆದುಕೊಂಡು ನಿಂತರು. ಮುಂದಿನ ಸಂಬಳದ ದಿನ ಗುಮಾಸ್ತನನ್ನು ಸುಮ್ಮನಿರಿಸಿ ಮಾಲೀಕರೇ ಎದ್ದು ನಿಂತು ಹೇಳಿದರು: "ಇವನ ಕೋರ್ಟಿನ ತಲೆನೋವು ಹೊರೋಕೆ ನನ್ನಿಂದ ಆಗಲ್ಲ. ಅದಕ್ಕೇ ತೆಗೀತಾ ಇದ್ದೀನಿ. ನಾಳೆಯಿಂದ ಬರೋದು ಬೇಡ."

ಹಾಲ್‌ನಲ್ಲಿ ನಲವತ್ತಕ್ಕೂ ಮಿಕ್ಕಿ ಜನ ಇದ್ದರು. ಎಲ್ಲರಿಗೂ ಕೇಳಿಸಿತು. ಅಕ್ಕನಿಗೂ ಕೇಳಿಸಿತು. "ಸುಳ್ಳು ಯಾಕೆ ಹೇಳಲಿ, ಆ ಕ್ಷಣ ಒಳಗೊಳಗೆ ಖುಷಿಯಾಯ್ತು. ಮನೆಗೆ ಹೋಗಿ ಮುಖ ತೊಳೆಯುವಾಗ ಹೊಳೀತು, ಇನ್ಮೇಲೆ ನನಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ."

ಮಗಳಿಗೆ ಆಗ ಹತ್ತು ತುಂಬಿತ್ತು. ಕಿವಿಗೆ ಹಾಕುವ ಮೆಷಿನ್‌ಗೆ ಒಂದು ಅಚ್ಚು ಬೇಕು, ಕಿವಿಯೊಳಗೆ ಬಿಗಿಯಾಗಿ ಕೂರುವಂಥದ್ದು. ಬೆಳೆಯುವ ಮಕ್ಕಳ ಕಿವಿಯೂ ಬೆಳೆಯುತ್ತದೆ, ಅಚ್ಚು ಬೆಳೆಯುವುದಿಲ್ಲ. ಸಡಿಲಾದರೆ ಮೆಷಿನ್ ಸಿಳ್ಳೆ ಹೊಡೆಯುತ್ತದೆ, ತರಗತಿಯಲ್ಲಿ ಮಕ್ಕಳು ನಗುತ್ತಾರೆ, ಹುಡುಗಿ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾಳೆ. ಆ ತಿಂಗಳು ಹೊಸ ಅಚ್ಚು ಮಾಡಿಸಬೇಕಿತ್ತು. ದುಡ್ಡು ಬರಲಿಲ್ಲ. ಮರುತಿಂಗಳೂ ಬರಲಿಲ್ಲ.

ಅಕ್ಕ ಕಾನೂನು ನೆರವಿನ ಕಚೇರಿಗೆ ಹೋದರು. ಅಲ್ಲಿನ ವಕೀಲೆ ನೆಗಡಿ ಹಿಡಿದು ಮೂಗು ಒರೆಸಿಕೊಳ್ಳುತ್ತಲೇ ವಿಷಯ ಬಿಡಿಸಿ ಹೇಳಿದರಂತೆ. ಸಂಬಳದಲ್ಲಿ ಜೀವನಾಂಶ ಹಿಡಿಯಬೇಕಾಗಿ ಬಂತು ಎಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ, ಶಿಕ್ಷಿಸುವಂತಿಲ್ಲ. ಎಷ್ಟು ಹಿಡಿದರೂ ಆ ಮನುಷ್ಯ ಉಂಡು ಬದುಕುವಷ್ಟು ಅವನಿಗೆ ಬಿಡಲೇಬೇಕು. ಮಾಲೀಕರ ಮುಂಗಡ ಮಗುವಿನ ಪಾಲಿನ ಹಿಂದೆ ನಿಲ್ಲಬೇಕು, ಮುಂದಲ್ಲ. ಆದರೆ, ಎಂದು ವಕೀಲೆ ಮತ್ತೆ ಮೂಗು ಒರೆಸಿಕೊಂಡರು, ಇದೇ ಕಾರಣಕ್ಕೆ ತೆಗೆದೆ ಎಂದು ಯಾವ ಮಾಲೀಕನೂ ಬಾಯಿಬಿಟ್ಟು ಹೇಳುವುದಿಲ್ಲ. ಕೆಲಸ ಕಡಿಮೆಯಾಯಿತು ಎನ್ನುತ್ತಾನೆ, ಅಲ್ಲಿಗೆ ಕಾನೂನು ಕೈಕಟ್ಟಿ ಕೂರುತ್ತದೆ.

ನಮ್ಮ ಮಾಲೀಕರು ಬಾಯಿಬಿಟ್ಟು ಹೇಳಿದ್ದಾರೆ ಎಂದರು ಅಕ್ಕ.

ದೂರು ಮಾತ್ರ ಕೆಲಸ ಕಳೆದುಕೊಂಡವರೇ ಕೊಡಬೇಕು. ಗಂಡ ಹೆಂಡತಿ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಅಗತ್ಯ ಬಿದ್ದರೆ ಇಬ್ಬರ ನಡುವೆ ಮಾತು ದಾಟಿಸುತ್ತಿದ್ದವರು ಬಾಯ್ಲರ್ ನೋಡಿಕೊಳ್ಳುವ ಅಜ್ಜ. ಇಬ್ಬರಿಗೂ ಬೇಕಾದವರು, ಇಬ್ಬರ ಮಾತಿಗೂ ಒಂದು ಚಿಟಿಕೆ ಸಕ್ಕರೆ ಬೆರೆಸಿ ಒಯ್ಯುವವರು. ಅಕ್ಕ ಅವರ ಕೈಲಿ ಹೇಳಿ ಕಳಿಸಿದರು. ಉತ್ತರ ಬಂತು: ಬೇಡವಂತೆ, ಗೋದಾಮೊಂದರಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿದೆಯಂತೆ, ದಿನದ ಕೂಲಿ ದಿನಕ್ಕೇ ಕೈಗೆ. ಅಂದರೆ ಕೋರ್ಟಿನ ಕೈಗೆ ಸಿಗದ ಕೂಲಿ. ಅಜ್ಜನ ಸಕ್ಕರೆ ಸಾಲದು ಎಂದುಕೊಂಡು ಅಕ್ಕ ತಾವೇ ಹೊರಟರು.

ಅರ್ಧಣ್ಣ ಇದ್ದದ್ದು ಟೈರ್ ಅಂಗಡಿಯ ಹಿಂದಿನ ಒಂಟಿ ಕೋಣೆಯಲ್ಲಿ. ಇದ್ದ ಒಂದೇ ಕುರ್ಚಿಯ ಮೇಲೆ ಒಗೆದ ಬಟ್ಟೆ, ಮೂಲೆಗೆ ಮೂಲೆ ಸೇರಿಸಿ ಮಡಿಸಿದ್ದು. ಅಕ್ಕ ಬಾಗಿಲಲ್ಲೇ ನಿಂತರು.

"ನಿನಗೆ ಬೇಕಾಗಿದ್ದೂ ಇದೇ ತಾನೆ? ನಾನು ಬೀದಿಗೆ ಬೀಳೋದು" ಎಂದರು ಗಂಡ.

"ನೀವು ಬೀದಿಗೆ ಬಿದ್ದರೆ ನನ್ನ ಮಗಳ ಕಿವಿ ಸರಿಹೋಗುತ್ತಾ? ನನಗೆ ಬೇಕಾಗಿರೋದು ನಿಮ್ಮ ಸಂಬಳ, ನೀವಲ್ಲ. ಸಂಬಳ ಬರಬೇಕಾದರೆ ನೀವು ಲಾಂಡ್ರಿಯಲ್ಲಿ ಇರಬೇಕು."

"ಅಲ್ಲಿ ಎಲ್ಲರೂ ಅರ್ಧಣ್ಣ ಅಂತಾರೆ."

"ಅನ್ನಲಿ ಬಿಡಿ. ಇಷ್ಟು ವರ್ಷ ನಮಗೆ ಅರ್ಧವೂ ಸಿಕ್ಕಿರಲಿಲ್ಲ."

ಅರ್ಧಣ್ಣ ನಕ್ಕರಂತೆ. ಅಕ್ಕನಿಗೂ ನಗು ಬಂದಿತ್ತೋ ಏನೋ, ಒಪ್ಪಿಕೊಳ್ಳುವುದಿಲ್ಲ. ಸಾಕ್ಷಿಗೆ ಯಾರು ಬರುತ್ತಾರೆ ಎಂದು ಗಂಡ ಕೇಳಿದ್ದಕ್ಕೆ, ಹಾಲ್ ತುಂಬ ಜನ ಕೇಳಿಸಿಕೊಂಡಿದ್ದಾರಲ್ಲ ಎಂದು ಹೇಳಿ ಬಂದರು. ಇಲ್ಲ ಎನ್ನಲು ಬಾರದ ಮನುಷ್ಯ ಇದಕ್ಕೂ ಇಲ್ಲ ಎನ್ನಲಿಲ್ಲ, ಕಾರ್ಮಿಕ ಕಚೇರಿಗೆ ದೂರು ಕೊಟ್ಟರು. ಅವರ ಆ ಗುಣದಿಂದ ತನಗೆ ಲಾಭವಾದದ್ದು ಅದೊಂದೇ ಸಲ ಎನ್ನುತ್ತಾರೆ ಅಕ್ಕ.

ವಿಚಾರಣೆಯ ದಿನ ನೋಡಿದರೆ ಹಾಲ್ ತುಂಬ ಇದ್ದ ಜನರಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ. ಕಾರ್ಮಿಕ ಅಧಿಕಾರಿಯ ಕೋಣೆಗೆ ಬಂದ ಇಬ್ಬರು, ಬಟ್ಟೆ ಒಗೆಯುವ ಡ್ರಮ್ಮುಗಳ ಸದ್ದಿತ್ತು ಸಾರ್ ಎಂದರು. ಸಂಬಳದ ಹೊತ್ತಿನಲ್ಲಿ ಡ್ರಮ್ಮು ನಿಲ್ಲಿಸುತ್ತಾರೆ ಎಂಬುದು ಅವರಿಗೂ ಗೊತ್ತು. ತಾನು ಬಾಯ್ಲರ್ ಹತ್ತಿರ ಇದ್ದೆ ಎಂದರು ಅಜ್ಜ. ಅವರು ನಿಂತಿದ್ದದ್ದು ಅಕ್ಕನ ಮುಂದೆಯೇ. ಈ ಮೂವರನ್ನೂ ದೂಷಿಸುವುದು ಸುಲಭ. ಒಂದು ಮಾತು ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಬರೀ ಮಾನ ಹೋಗುತ್ತದೆ. ಎರಡನ್ನೂ ತೂಗಿ ನೋಡಿದವರು ಅವರು.

ಮಾಲೀಕರ ವಕೀಲ ಅಚ್ಚುಕಟ್ಟಾಗಿ ವಾದ ಮಾಡಿದರು. ವಸತಿಗೃಹಗಳ ಬಟ್ಟೆ ಬರುವುದು ಇಳಿದಿದೆ, ಒಬ್ಬನನ್ನು ಕಡಿಮೆ ಮಾಡಬೇಕಾಯಿತು, ಇವನನ್ನು ಮಾಡಿದೆವು, ಆದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಕೊನೆಗೆ ಅಕ್ಕನ ಸರದಿ ಬಂತು. ಈ ಮನುಷ್ಯನ ಮೇಲೆ ಕೋರ್ಟಿಗೆ ಹೋದವಳು ನೀನೇ, ಈಗ ಇವನ ಪರವಾಗಿ ಬಂದಿದ್ದೀಯಲ್ಲ ಎಂದು ವಕೀಲ ಚುಚ್ಚಿದರು.

"ಇವರ ಪರ ಬಂದಿಲ್ಲ ಸಾರ್. ಕಿವಿಗೆ ಬಿದ್ದಿದ್ದನ್ನ ಹೇಳೋಕೆ ಬಂದಿದ್ದೀನಿ" ಎಂದು ಅಕ್ಕ ಆ ದಿನದ ಮಾತನ್ನು ಹೇಳಿದರು. ವಕೀಲ, ಮಾಲೀಕರು ಹಾಗೆ ಹೇಳಿಯೇ ಇಲ್ಲ, ಕಾರಣವನ್ನೇ ಹೇಳದೆ ಬರಬೇಡ ಅಂದದ್ದಷ್ಟೇ ಎಂದರು. ಅಕ್ಕ ಅಧಿಕಾರಿಯ ಕಡೆ ತಿರುಗಿದರು. "ನಮ್ಮ ಲಾಂಡ್ರಿಯಲ್ಲಿ ದೊಡ್ಡ ಯಜಮಾನರ ಕಾಲದಿಂದ ಕಾರಣ ಹೇಳದೆ ಯಾರದ್ದೂ ಒಂದು ಕಾಸು ಮುರಿದಿಲ್ಲ. ಒಬ್ಬರ ಕೆಲಸಾನೇ ಕಾರಣ ಹೇಳದೆ ತೆಗೆದುಬಿಟ್ರಾ? ನನ್ನ ಮಾತು ಬೇಡ, ಅವರನ್ನೇ ಕೇಳಿ."

ಅಧಿಕಾರಿ ಕೇಳಿದರು. ವಕೀಲ ಮಾಲೀಕರ ತೋಳು ಹಿಡಿದರು, ಆದರೆ ಬಾಣ ಆಗಲೇ ನಾಟಿತ್ತು. ಹೊರಗೆ ಬಾಗಿಲ ಬಳಿ ಲಾಂಡ್ರಿಯ ಆರೇಳು ಜನ ನಿಂತು ನೋಡುತ್ತಿದ್ದರು. ಅವರೆದುರು ತಾನು ಗುಟ್ಟಿನವನು ಎನಿಸಿಕೊಳ್ಳುವುದು ಮಾಲೀಕರಿಂದ ಆಗಲಿಲ್ಲ. "ಕಳ್ಳತನದಲ್ಲಿ ಏನೂ ಮಾಡಿಲ್ಲ ನಾನು. ಕೋರ್ಟಿನ ಕಾಟಕ್ಕೇ ತೆಗೆದಿದ್ದು, ಎಲ್ಲರ ಮುಂದೆ ನಿಂತು ಹೇಳೇ ತೆಗೆದಿದ್ದು" ಎಂದರು. ವಕೀಲ ತಮ್ಮ ಪೆನ್ನಿಗೆ ಮುಚ್ಚಳ ಹಾಕಿದರು.

ಇದು ಅಕ್ಕ ಹೂಡಿದ ಉಪಾಯವೇ ಎಂದು ಕೇಳಿದರೆ ಸೂಜಿಗೆ ದಾರ ಪೋಣಿಸತೊಡಗುತ್ತಾರೆ. "ಉಪಾಯ ಅಂತಲ್ಲ. ಅವರು ಸುಳ್ಳು ಹೇಳೋ ಜನ ಅಲ್ಲ ಅಂತ ಗೊತ್ತಿತ್ತು. ವಕೀಲರಿಗೆ ಗೊತ್ತಿರಲಿಲ್ಲ."

ಅರ್ಧಣ್ಣನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು, ಮಗಳ ಪಾಲು ಎಲ್ಲಕ್ಕಿಂತ ಮೊದಲು ಹೋಗಬೇಕು, ಮುಂಗಡವನ್ನು ಉಳಿದದ್ದರಲ್ಲಿ ಸ್ವಲ್ಪ ಸ್ವಲ್ಪವೇ ಮುರಿಯಬೇಕು ಎಂದು ತೀರ್ಪಾಯಿತು. ಲಾಂಡ್ರಿಯಿಂದ ಹೊರಗಿದ್ದ ನಾಲ್ಕು ತಿಂಗಳಲ್ಲಿ ಎರಡು ತಿಂಗಳ ಸಂಬಳ ಕೊಡಿಸಿದರು. ಉಳಿದ ಎರಡು ತಿಂಗಳು ಗೋದಾಮಿನಲ್ಲಿ ಕೂಲಿ ಮಾಡಿದ್ದೀರಲ್ಲ ಎಂದರು. ಆ ಕೂಲಿ ಆಗಲೇ ಯಾರ್ಯಾರಿಗೋ ಹಂಚಿಹೋಗಿತ್ತು ಎಂದು ಬೇರೆ ಹೇಳಬೇಕಿಲ್ಲ.

ಅರ್ಧಣ್ಣ ಈಗ ಮಡಿಸುವ ಹಾಲ್‌ನಲ್ಲಿಲ್ಲ. ಅವರನ್ನು ಒದ್ದೆ ಬಟ್ಟೆ ಎತ್ತುವ ಕಡೆಗೆ ಹಾಕಿದ್ದಾರೆ. ಡ್ರಮ್ಮಿನಿಂದ ನೀರು ಸುರಿಯುವ ಮೂಟೆ ಎಳೆದು ಗಾಡಿಗೆ ತುಂಬುವ ಕೆಲಸ, ಮೊಣಕಾಲಿನವರೆಗೆ ರಬ್ಬರ್ ಬೂಟು. ಐವತ್ತು ಸಮೀಪಿಸುತ್ತಿರುವ ಮನುಷ್ಯನಿಗೆ ಸೊಂಟ ಹಿಡಿಯುತ್ತದೆ. ಆದರೂ ದೂರಿಲ್ಲ. ಚಹಾದ ಹೊತ್ತಿನಲ್ಲಿ ಗೋಡೆಗೊರಗಿ ಹೇಳುತ್ತಾರೆ: "ಒಂದು ಒಳ್ಳೇದಾಯ್ತು. ಮೊದಲು ಸಂಬಳದ ದಿನ ಗೇಟಿನ ಹತ್ರ ನಾಲ್ಕು ಜನ ಕಾಯ್ತಾ ಇರ್ತಿದ್ರು. ಈಗ ಯಾರೂ ಸಾಲ ಕೇಳಲ್ಲ. ಅರ್ಧಣ್ಣನ ಹತ್ರ ಏನಿರುತ್ತೆ ಅಂತಾರೆ." ಅಕ್ಕನ ಬಗ್ಗೆ ಕೇಳಿದರೆ ಗೋಡೆಯಾಚೆ ಹೊಲಿಗೆ ಮೆಷಿನ್ನಿನ ಸದ್ದಿನ ಕಡೆ ನೋಡುತ್ತಾರೆ. "ಅವಳು ಹಿಡಿದ ತುದಿ ಬಿಡೋಳಲ್ಲ. ಬಿಟ್ಟೋನು ನಾನೇ."

ಮಾತು ಈಗಲೂ ಇಲ್ಲ. ತಿಂಗಳ ದುಡ್ಡು ಬರುತ್ತದೆ, ಸರಿಯಾದ ದಿನಕ್ಕೆ, ಸರಿಯಾದ ಮೊತ್ತ. ಮಗಳಿಗೆ ಹೊಸ ಅಚ್ಚು ಆಗಿದೆ, ಮೆಷಿನ್ ಸಿಳ್ಳೆ ಹೊಡೆಯುವುದಿಲ್ಲ. ಆದರೆ ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಮೆಷಿನ್ ಜೇಬಿನಲ್ಲಿಟ್ಟುಕೊಂಡು ಕೂತ ತಿಂಗಳುಗಳ ಪಾಠ ಒಂದೂ ತಲೆಗೆ ಹೋಗಿರಲಿಲ್ಲ. ಅದೇ ತರಗತಿಯಲ್ಲಿ, ತನಗಿಂತ ಚಿಕ್ಕವರ ಜೊತೆ ಮತ್ತೆ ಕೂತಿದ್ದಾಳೆ.

ಮಾಲೀಕರು ಅಕ್ಕನನ್ನು ತೆಗೆಯಲಿಲ್ಲ. ಒಮ್ಮೆ ಕೈ ಸುಟ್ಟುಕೊಂಡಿದ್ದಾರೆ. ಅವರಿಗೆ ಸಿಗುತ್ತಿದ್ದ ಭಾನುವಾರದ ಹೆಚ್ಚಿನ ಕೆಲಸವನ್ನು ಮಾತ್ರ ಹೊರಗಿನ ದರ್ಜಿಗೆ ಕೊಟ್ಟರು. ಇನ್ನೊಂದು ಬದಲಾವಣೆಯನ್ನೂ ಮಾಡಿದರು. ಸಂಬಳದ ದಿನ ಕೂಗುವುದು ನಿಂತಿತು. ಈಗ ಎಲ್ಲರಿಗೂ ಅಂಟಿಸಿದ ಕವರ್ ಕೊಡುತ್ತಾರೆ. ಒಳಗೆ ಏನು ಮುರಿದಿದೆ, ಯಾಕೆ ಮುರಿದಿದೆ, ಪಕ್ಕದವನಿಗೆ ಗೊತ್ತಾಗುವುದಿಲ್ಲ, ಎಷ್ಟೋ ಸಲ ಪಡೆದವನಿಗೂ ಗೊತ್ತಾಗುವುದಿಲ್ಲ. ನಿನ್ನಿಂದಲೇ ಇದಾಗಿದ್ದು ಎಂದು ಹೆಂಗಸರು ಮುಖದ ಮೇಲೇ ಅಂದರು. ಅಕ್ಕ ಅಲ್ಲಗಳೆಯುವುದಿಲ್ಲ. ಬಾಯ್ಲರ್ ಅಜ್ಜ ಅವರ ಕೋಣೆಯ ಮುಂದೆ ಹಾದು ಹೋಗುವುದನ್ನೇ ಬಿಟ್ಟಿದ್ದಾರೆ. ಕೇಳಿಸಲಿಲ್ಲ ಎಂದು ಹೇಳಿಬಂದ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ನೋಡಲು ಅವರಿಗೆ ಆಗುತ್ತಿಲ್ಲ. ಅಕ್ಕ ಎರಡು ಸಲ ಚಹಾಕ್ಕೆ ಕರೆದರು, ಬರಲಿಲ್ಲ.

ಇಷ್ಟಕ್ಕೂ ಈ ಗೆಲುವಿನಿಂದ ಏನು ಸಿಕ್ಕಿತು ಎಂಬ ಪ್ರಶ್ನೆ ಅಕ್ಕನಿಗೆ ಹಿಡಿಸುವುದಿಲ್ಲ. ಸಿಗಬೇಕಾದದ್ದು ಸಿಕ್ಕಿತು, ಅದಕ್ಕಿಂತ ಹೆಚ್ಚೇನಿಲ್ಲ, ಅದನ್ನು ಗೆಲುವು ಅನ್ನಬೇಡಿ ಎನ್ನುತ್ತಾರೆ. ಹೋದದ್ದು ಏನು ಎಂದು ಕೇಳಿದರೆ ಕಾಲು ಮೆಷಿನ್ನಿನಿಂದ ತೆಗೆಯದೆ ಎಣಿಸುತ್ತಾರೆ.

"ಎರಡು ತಿಂಗಳ ದುಡ್ಡು ಬರಲೇ ಇಲ್ಲ. ಭಾನುವಾರದ ಕೆಲಸ ಹೋಯ್ತು. ಅಜ್ಜನ ಮಾತು ಹೋಯ್ತು. ಮಗಳದ್ದು ಒಂದು ವರ್ಷ."